ಹಳೆಯ ಸೆಲಿಕಾಗೆ ಯಾವ ಬ್ರೇಕ್? ಸಂಪಾಜೆ ಘಾಟಿಯಲ್ಲಿ ಹಾಕಿ ನೋಡಿದ ಹೋಲಿಕೆ

ಕೊಡಗಿನಲ್ಲಿ ಓಡುವ ಕಾರಿನ ಬ್ರೇಕ್‌ಗೆ ಎರಡು ಪರೀಕ್ಷೆ ಇವೆ. ಒಂದು, ಜುಲೈ ತಿಂಗಳ ಬೆಳಗ್ಗೆ ಒತ್ತುವ ಮೊದಲ ಬ್ರೇಕ್. ರಾತ್ರಿಯಿಡೀ ಮಳೆಯಲ್ಲಿ ನೆನೆದು, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ತಣ್ಣಗೆ ಕೂತಿರುತ್ತದೆ. ಇನ್ನೊಂದು, ಮಡಿಕೇರಿಯಿಂದ ಸಂಪಾಜೆಗೆ ಇಳಿದು ಮುಗಿಯುವ ಹೊತ್ತಿಗೆ ಒತ್ತುವ ಕೊನೆಯ ಬ್ರೇಕ್. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾಗುವ ಸಾಮಾನು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಸ್ಪೋರ್ಟ್ಸ್ ಕಾರಿನ ಬ್ರೇಕ್ ಅಂದರೆ ಎಲ್ಲರೂ ಬಿಸಿಯ ಬಗ್ಗೆಯೇ ಮಾತಾಡುತ್ತಾರೆ. ನಮ್ಮ ಊರಿನಲ್ಲಿ ಒದ್ದೆ ಬ್ರೇಕ್ ಕೂಡ ಅಷ್ಟೇ ಮುಖ್ಯ. ಆದ್ದರಿಂದ ನಾನು ಹಾಕಿ ನೋಡಿದ ಪ್ರತಿಯೊಂದನ್ನೂ ಈ ಎರಡೂ ಕಡೆಯಿಂದ ಅಳೆದಿದ್ದೇನೆ.

ಕಾರು ಟೊಯೋಟಾ ಸೆಲಿಕಾ. 1993ರಿಂದ 1999ರವರೆಗೆ ಬಂದ ಆರನೇ ತಲೆಮಾರಿನ ಕೂಪೆ, ಮುಂದೆ ನಾಲ್ಕು ದುಂಡು ಲೈಟ್ ಇರುವುದು. ಎರಡು ಲೀಟರ್ ಇಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್. ಇಂಜಿನ್ ಇವತ್ತಿಗೂ ಖುಷಿಯಾಗಿ ತಿರುಗುತ್ತದೆ. ಆದರೆ ಬ್ರೇಕ್ ಒತ್ತಿದರೆ ಪೆಡಲ್ ಅರ್ಧ ಹೋದ ಮೇಲೆ ಹಿಡಿತ ಬರುತ್ತಿತ್ತು. ಇಳಿಜಾರಿನಲ್ಲಿ ಆ ಹಿಡಿತವೂ ಕರಗುತ್ತಿತ್ತು.

ಕರಗದೆ ಇನ್ನೇನು? ಸ್ವಲ್ಪ ಲೆಕ್ಕ ಹಾಕಿ ನೋಡಿ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ ತಲುಪುವಾಗ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿದಿರುತ್ತೇವೆ. 1,200 ಕಿಲೋ ತೂಕದ ಕಾರು ಅಷ್ಟು ಇಳಿದಾಗ ಬಿಡುವ ಶಕ್ತಿ, ಗಂಟೆಗೆ 60 ಕಿ.ಮೀ. ವೇಗದಿಂದ ಸುಮಾರು 70 ಸಲ ಪೂರ್ತಿ ನಿಲ್ಲಿಸಿದಷ್ಟಕ್ಕೆ ಸಮ. ಗಾಳಿ ಸ್ವಲ್ಪ ತಿನ್ನುತ್ತದೆ, ಇಂಜಿನ್ ಸ್ವಲ್ಪ ತಿನ್ನುತ್ತದೆ. ಉಳಿದದ್ದೆಲ್ಲ ಶಾಖವಾಗಿ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮತ್ತು ಡಿಸ್ಕ್‌ಗೇ ಹೋಗಬೇಕು.

ಮೊದಲು ಪೆಡಲ್ ಏನು ಹೇಳುತ್ತಿದೆ ಕೇಳಿ

ಬ್ರೇಕ್ ವೀಕ್ ಅಂದ ತಕ್ಷಣ ದೊಡ್ಡ ಡಿಸ್ಕ್ ಹುಡುಕಲು ಹೊರಡುವವರು ಜಾಸ್ತಿ. ಅದಕ್ಕೂ ಮೊದಲು ಯಾವ ಥರದ ವೀಕ್ ಅಂತ ಗೊತ್ತಾಗಬೇಕು. ಗೋಣಿಕೊಪ್ಪದಲ್ಲಿ ನನ್ನ ಕಾರು ನೋಡುವ ಮೆಕ್ಯಾನಿಕ್ ಮೊದಲ ದಿನವೇ ಹೇಳಿದ ಮಾತು ಇದು: "ಸಾರ್, ಪೆಡಲ್ ಗಟ್ಟಿ ಇದೆ ಅಂದ್ರೆ ಬ್ರೇಕ್ ಚೆನ್ನಾಗಿದೆ ಅಂತಲ್ಲ. ಮೆತ್ತಗಿದೆ ಅಂದ್ರೆ ಪ್ಯಾಡ್ ಹೋಗಿದೆ ಅಂತಾನೂ ಅಲ್ಲ."

ಪೆಡಲ್ ಸ್ಪಂಜಿನ ಥರ ಮೆತ್ತಗಿದ್ದು, ಎರಡು ಮೂರು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ ಅಂದರೆ ಬ್ರೇಕ್ ಆಯಿಲ್ ಹೋಗುವ ಲೈನಿನಲ್ಲಿ ಗಾಳಿ ಇದೆ. ಪಂಪ್ ಮಾಡಿದರೂ ಮೆತ್ತಗೇ ಇದ್ದರೆ ಹಳೆಯ ರಬ್ಬರ್ ಹೋಸ್ ಊದಿಕೊಳ್ಳುತ್ತಿರಬಹುದು. ಒಂದೇ ಒತ್ತಡದಲ್ಲಿ ಕಾಲಿಟ್ಟಾಗ ಪೆಡಲ್ ನಿಧಾನವಾಗಿ ಕೆಳಕ್ಕೆ ಇಳಿಯುತ್ತಿದೆ, ಹೊರಗೆಲ್ಲೂ ಆಯಿಲ್ ಸೋರಿಕೆ ಇಲ್ಲ ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಮೇಲೆ ಅನುಮಾನ ಪಡಿ. ಪೆಡಲ್ ಕಲ್ಲಿನಷ್ಟು ಗಟ್ಟಿ, ಆದರೆ ಕಾರು ನಿಲ್ಲುತ್ತಿಲ್ಲ ಅಂದರೆ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ನೋಡಬೇಕು, ಇಲ್ಲವೇ ಗಾಜಿನಂತೆ ನಯವಾಗಿಬಿಟ್ಟ ಪ್ಯಾಡ್ ನೋಡಬೇಕು.

ಬೂಸ್ಟರ್ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಇಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಕಾಲು ತೆಗೆಯದೆ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ಕೆಳಗೆ ಹೋದರೆ ಬೂಸ್ಟರ್ ಜೀವಂತವಾಗಿದೆ. ಮಡಿಕೇರಿಯಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಇಲ್ಲಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಶೇಕಡಾ 13ರಷ್ಟು ಕಡಿಮೆ. ಹೊರಗಿನ ಗಾಳಿಗೂ ಇಂಜಿನ್ ಎಳೆಯುವ ವ್ಯಾಕ್ಯೂಮ್‌ಗೂ ಇರುವ ವ್ಯತ್ಯಾಸದ ಮೇಲೇ ಬೂಸ್ಟರ್ ಕೆಲಸ ಮಾಡುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಪರವಾಗಿಲ್ಲ ಅನ್ನಿಸುವ ಹಳೆಯ ಬೂಸ್ಟರ್ ಇಲ್ಲಿ ಸೋತಂತೆ ಕಾಣುತ್ತದೆ. ನನ್ನ ಕಾರಿನಲ್ಲಿ ಬೂಸ್ಟರ್ ಸರಿ ಇತ್ತು. ಅದಕ್ಕೆ ಹೋಗುವ ವ್ಯಾಕ್ಯೂಮ್ ಪೈಪ್ ಮಾತ್ರ ಕ್ಲಿಪ್ ಹತ್ತಿರ ಬಿರುಕು ಬಿಟ್ಟಿತ್ತು. ತುಂಬ ಅಗ್ಗದ ಪೈಪ್. ಬದಲಾಯಿಸಿದ ಮೇಲೆ ಪೆಡಲ್ ಒತ್ತಲು ಬೇಕಾದ ಬಲ ಅವತ್ತೇ ಕಡಿಮೆಯಾಯಿತು.

ಆಮೇಲೆ ನಾಲ್ಕೂ ಡಿಸ್ಕ್‌ನ ಬಿಸಿ ಅಳೆದೆ. ದೂರದಿಂದ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಹೊಳೆಯುವ ಡಿಸ್ಕ್ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಅಂಕಿಯನ್ನು ನಂಬಬೇಡಿ. ಎಡ ಬಲ ಹೋಲಿಸಲು ಮಾತ್ರ ಬಳಸಿ. ನನ್ನ ಕಾರಿನಲ್ಲಿ ಹಿಂದಿನ ಎಡ ಚಕ್ರ ಬೆಚ್ಚಗೂ ಆಗಿರಲಿಲ್ಲ. ಕ್ಯಾಲಿಪರ್‌ನ ಸ್ಲೈಡ್ ಪಿನ್ ತುಕ್ಕು ಹಿಡಿದು ಕೂತಿತ್ತು. ಪ್ಯಾಡನ್ನು ಡಿಸ್ಕ್‌ಗೆ ಒತ್ತುವುದು ಕ್ಯಾಲಿಪರ್, ಅದು ಜಾರುವುದು ಈ ಪಿನ್ ಮೇಲೆ. ಅಂದರೆ ಆ ಚಕ್ರ ಕೆಲಸವನ್ನೇ ಮಾಡುತ್ತಿರಲಿಲ್ಲ. ನಮ್ಮ ಮಳೆಗಾಲದಲ್ಲಿ ಇದು ತೀರಾ ಸಾಮಾನ್ಯ. ಪಿನ್ ಬಿಚ್ಚಿ, ತಿಕ್ಕಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಬೇಕು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ.

ಇಷ್ಟಾದ ಮೇಲೆಯೇ ಹೋಲಿಕೆ ಶುರು. ಅದಕ್ಕೆ ಮೊದಲು ಯಾವ ಪ್ಯಾಡ್ ಹಾಕಿದ್ದರೂ ಯಾವುದು ಒಳ್ಳೆಯದು ಅಂತ ಗೊತ್ತಾಗುತ್ತಿರಲಿಲ್ಲ.

ಬ್ರೇಕ್ ಆಯಿಲ್: ಡಾಟ್ 3, ಡಾಟ್ 4, ಡಾಟ್ 5.1

ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಈ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಕೊಡಗಿನ ಗಾಳಿಯಲ್ಲಿ ನೀರಿಗೇನು ಬರ? ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಡಾಟ್ 5.1ರಲ್ಲಿ 260 ಮತ್ತು 180. ಕುದಿದರೆ ಲೈನಿನಲ್ಲಿ ಆವಿ ಗುಳ್ಳೆ ಏಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ.

ಹಳೆಯ ಡಾಟ್ 3ರಲ್ಲಿ ಕೊಯನಾಡು ತಲುಪುವ ಹೊತ್ತಿಗೆ ಪೆಡಲ್ ಇನ್ನೂ ಕೆಳಗೆ ಹೋಗುತ್ತಿತ್ತು. ಹೊಸ ಡಾಟ್ 4 ಹಾಕಿದ ಮೇಲೆ ಅದೇ ರಸ್ತೆ, ಅದೇ ಪ್ಯಾಡ್, ಪೆಡಲ್ ಎತ್ತರ ಬದಲಾಗಲಿಲ್ಲ. ಡಾಟ್ 5.1 ಹಾಕಿದಾಗ? ರಸ್ತೆಯಲ್ಲಿ ಯಾವ ವ್ಯತ್ಯಾಸವೂ ನನಗೆ ಸಿಗಲಿಲ್ಲ, ಬೆಲೆ ಮಾತ್ರ ಜಾಸ್ತಿ. ನನ್ನ ಆಯ್ಕೆ ಡಾಟ್ 4, ಪ್ರತಿ ವರ್ಷ ಮಳೆ ಮುಗಿದ ಮೇಲೆ ಬದಲು. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ತಿಳಿಯಾಗಿ ಕಾಣುವ ಆಯಿಲ್‌ನಲ್ಲೂ ನೀರಿರುತ್ತದೆ. ಡಾಟ್ 5 ಅಂತ ಬರುವುದು ಸಿಲಿಕೋನ್ ಆಯಿಲ್, ಇವುಗಳ ಜೊತೆ ಬೆರೆಸಲೇಬಾರದು. ಡಬ್ಬದ ಮೇಲೆ ಹೆಸರು ಒಂದೇ ಥರ ಕಾಣುವುದರಿಂದ ಎರಡು ಸಲ ಓದಿ ತೆಗೆದುಕೊಳ್ಳಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ.

ಆಯಿಲ್ ಬದಲಾಯಿಸಿ ಲೈನಿನ ಗಾಳಿ ತೆಗೆಯುವಾಗ ಒಂದು ಎಚ್ಚರ. ಹಳೆಯ ಕಾರಿನಲ್ಲಿ ಪೆಡಲನ್ನು ನೆಲದ ತನಕ ಒತ್ತಬೇಡಿ. ಮಾಸ್ಟರ್ ಸಿಲಿಂಡರ್‌ನ ಕೊನೆಯ ಭಾಗ ವರ್ಷಗಟ್ಟಲೆ ಬಳಕೆಯಾಗದೆ ತುಕ್ಕು ಹಿಡಿದಿರುತ್ತದೆ, ಸೀಲ್ ಅಲ್ಲಿಗೆ ಹೋದರೆ ಹರಿದುಹೋಗುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ಹೋಸ್: ಹೊಸ ರಬ್ಬರೋ, ಸ್ಟೀಲ್ ಹೆಣಿಗೆಯೋ

ಎರಡನ್ನೂ ಹಾಕಿದ್ದೇನೆ. ಹೆಣೆದ ಸ್ಟೀಲ್ ಹೋಸ್‌ನಲ್ಲಿ ಪೆಡಲ್ ಚುರುಕು. ಎಷ್ಟು ಒತ್ತಿದೆ ಅಂತ ಕಾಲಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಕಾರು ನಿಲ್ಲುವ ದೂರ ಅದರಿಂದಲೇ ಕಡಿಮೆಯಾಗುವುದಿಲ್ಲ. ಹಳೆಯ ರಬ್ಬರ್ ತೆಗೆದು ಹೊಸ ರಬ್ಬರ್ ಹಾಕಿದಾಗ ಸಿಕ್ಕ ಸುಧಾರಣೆಯೇ ದೊಡ್ಡದು. ಅಲ್ಲಿಂದ ಸ್ಟೀಲ್‌ಗೆ ಹೋದಾಗ ಸಿಕ್ಕಿದ್ದು ಸಣ್ಣದು. ತೋಟದ ಮಣ್ಣು ರಸ್ತೆಯಲ್ಲಿ ಓಡಾಡುವ ಕಾರಾದರೆ ರಬ್ಬರೇ ಇರಲಿ ಅನ್ನುತ್ತೇನೆ. ಕೆಸರಿನ ಮರಳು ಹೆಣಿಗೆಯೊಳಗೆ ಸೇರಿ ಒಳಗಿನ ಪೈಪನ್ನು ಉಜ್ಜುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.

ಪ್ಯಾಡ್: ನಿಜವಾದ ವ್ಯತ್ಯಾಸ ಇಲ್ಲಿದೆ

ಮೂರು ಥರ ಹಾಕಿ ನೋಡಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕ ಅಗ್ಗದ ಮಾಮೂಲಿ ಪ್ಯಾಡ್, ರಸ್ತೆಗೆಂದು ಮಾಡಿದ, ಲೋಹ ಬೆರೆಸಿದ ಸೆಮಿ ಮೆಟಾಲಿಕ್ ಪ್ಯಾಡ್, ಮತ್ತೆ ರೇಸ್ ಟ್ರ್ಯಾಕ್‌ಗೆ ಬಳಸುವ ಪ್ಯಾಡ್.

ಅಗ್ಗದ್ದು ಮಳೆಯ ಬೆಳಗ್ಗೆ ಚೆನ್ನಾಗಿತ್ತು. ಸದ್ದಿಲ್ಲ, ಮೊದಲ ಒತ್ತಿಗೇ ಹಿಡಿತ. ಕುಶಾಲನಗರ, ಸುಂಟಿಕೊಪ್ಪ, ಸಿದ್ದಾಪುರ ಇಷ್ಟರಲ್ಲೇ ಓಡಾಡುವವರಿಗೆ ಅದು ಸಾಕಾಗಬಹುದು. ಸಂಪಾಜೆಯಲ್ಲಿ ಮಾತ್ರ ಅರ್ಧ ದಾರಿಗೇ ಸೋತಿತು. ಪೆಡಲ್ ಗಟ್ಟಿಯಾಗೇ ಇತ್ತು, ಕಾರು ನಿಧಾನವಾಗುತ್ತಿರಲಿಲ್ಲ, ಸುಟ್ಟ ವಾಸನೆ ಬೇರೆ. ಇದು ಪ್ಯಾಡ್ ಫೇಡ್. ಆಯಿಲ್ ಕುದಿದಾಗ ಪೆಡಲ್ ಮೆತ್ತಗಾಗುತ್ತದೆ, ಪ್ಯಾಡ್ ಸೋತಾಗ ಗಟ್ಟಿಯೇ ಇರುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ಟ್ರ್ಯಾಕ್ ಪ್ಯಾಡ್ ಇದರ ಉಲ್ಟಾ. ಘಾಟಿಯ ಕೊನೆಯಲ್ಲಿ ಅದ್ಭುತ. ಇಳಿದಷ್ಟೂ ಹಿಡಿತ ಹೆಚ್ಚಾಗುತ್ತದೆ, ಕಾಲಿಗೆ ಭರವಸೆ ಬರುತ್ತದೆ. ಆದರೆ ಮಳೆಯ ಬೆಳಗ್ಗೆ ಗೇಟಿನಿಂದ ಹೊರಬಂದು ಮೊದಲ ತಿರುವಿನಲ್ಲಿ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಆ ಒಂದು ಕ್ಷಣದಲ್ಲಿ ಎದುರಿಗೆ ಕಾರ್ಮಿಕರನ್ನು ತುಂಬಿಕೊಂಡ ಜೀಪ್ ಬರಬಹುದು, ತಿತಿಮತಿ ಕಡೆಯಾದರೆ ಆನೆ ರಸ್ತೆ ದಾಟುತ್ತಿರಬಹುದು. ಮಳೆಯಲ್ಲಿ ಎರಡು ದಿನ ನಿಲ್ಲಿಸಿದರೆ ಡಿಸ್ಕ್‌ಗೆ ತುಕ್ಕು ಹಿಡಿದು ಪ್ಯಾಡ್ ಅಂಟಿಕೊಳ್ಳುತ್ತದೆ, ಹೊರಡುವಾಗ ಟಕ್ ಅಂತ ಬಿಡುತ್ತದೆ. ಕಿರುಚಾಟವೂ ಇದೆ. ಮನೆಯವರು ಓಡಿಸುವ ಕಾರಿಗೆ ಇದನ್ನು ಹಾಕಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಸೆಮಿ ಮೆಟಾಲಿಕ್ ಎರಡೂ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆಯಲಿಲ್ಲ, ಎರಡರಲ್ಲೂ ಪಾಸಾಯಿತು. ತಣ್ಣಗಿರುವಾಗ ಅಗ್ಗದ್ದಕ್ಕಿಂತ ಕೂದಲೆಳೆಯಷ್ಟು ಹಿಂದೆ. ಬಿಸಿಯಲ್ಲಿ ಸಂಪಾಜೆ ಗೇಟ್ ತನಕ ಒಂದೇ ಥರ. ಧೂಳು ಜಾಸ್ತಿ, ಚಕ್ರ ಕಪ್ಪಾಗುತ್ತದೆ. ಅದಕ್ಕೆ ಒಂದು ಬಕೆಟ್ ನೀರು ಸಾಕು. ಈಗ ಕಾರಿನಲ್ಲಿರುವುದು ಇದೇ.

ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಅಥವಾ ಹಿಂಭಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತದೆ: ಎಫ್‌ಇ, ಎಫ್‌ಎಫ್, ಜಿಜಿ ಹೀಗೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಇರುವ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಘಾಟಿ ಇಳಿಯುವವರು ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿರುವ ಪ್ಯಾಡ್ ಬಿಟ್ಟುಬಿಡಿ. ಅಕ್ಷರ ಪೂರ್ತಿ ಕಥೆ ಹೇಳುವುದಿಲ್ಲ, ಆದರೆ ಅಂಗಡಿಯವರ ಮಾತಿಗಿಂತ ವಾಸಿ.

ಹೊಸ ಪ್ಯಾಡ್ ಹಾಕಿದ ದಿನವೇ ಘಾಟಿಗೆ ಇಳಿಯಬೇಡಿ. ನಾನು ಬೆಳಗ್ಗೆ ಬೇಗ ಹಾರಂಗಿ ಕಡೆಯ ಖಾಲಿ ರಸ್ತೆಗೆ ಹೋಗಿ, ಗಂಟೆಗೆ 60 ಕಿ.ಮೀ.ನಿಂದ 15ಕ್ಕೆ ಮಧ್ಯಮವಾಗಿ ಒತ್ತುತ್ತಾ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುತ್ತಾ ಪ್ಯಾಡ್ ಕೂರಿಸುತ್ತೇನೆ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಲು ಬಿಡಬೇಕು.

ಡಿಸ್ಕ್ ಮತ್ತು ಉಳಿದದ್ದು

ಲೇತ್‌ನಲ್ಲಿ ಹಳೆಯ ಡಿಸ್ಕ್ ಸವರಿಸಿದರೆ ಪೆಡಲ್ ನಡುಕ ಹೋಗುತ್ತದೆ, ನಿಜ. ಆದರೆ ಡಿಸ್ಕ್ ತೆಳ್ಳಗಾದಷ್ಟೂ ಬೇಗ ಬಿಸಿಯಾಗುತ್ತದೆ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕ್ ಮೇಲೇ ಕೊರೆದಿರುತ್ತಾರೆ. ಆ ಮಿತಿಯ ಹತ್ತಿರ ಬಂದಿದ್ದರೆ ಹೊಸ ಸಾದಾ ಡಿಸ್ಕ್ ಹಾಕಿ. ಸಾದಾದ್ದೇ. ತೂತು ಕೊರೆದ ಡಿಸ್ಕ್ ಮಳೆಯಲ್ಲಿ ಮೊದಲ ಒತ್ತಿಗೆ ಸ್ವಲ್ಪ ಚುರುಕು ಅನ್ನಿಸಿತು, ಆದರೆ ಬಿಸಿ ತಣ್ಣಗೆ, ಬಿಸಿ ತಣ್ಣಗೆ ಅಂತ ದಿನಾ ನಡೆಯುವ ಕಡೆ ತೂತಿನ ಅಂಚಿನಿಂದ ಬಿರುಕು ಶುರುವಾಗುವ ಭಯ ಇದೆ. ಒದ್ದೆ ಡಿಸ್ಕ್‌ಗೆ ಅದಕ್ಕಿಂತ ಸುಲಭದ ದಾರಿ ಇದೆ: ತಿರುವಿಗೆ ಬರುವ ಮೊದಲು ಹಗುರವಾಗಿ ಒಮ್ಮೆ ಬ್ರೇಕ್ ಸವರಿ ನೀರು ಒರೆಸಿಕೊಳ್ಳುವುದು.

ದೊಡ್ಡ ಕ್ಯಾಲಿಪರ್, ದೊಡ್ಡ ಡಿಸ್ಕ್ ಕಿಟ್ ನಾನು ಹಾಕಲಿಲ್ಲ. ಮುಂದಿನ ಬ್ರೇಕ್ ಮಾತ್ರ ದೊಡ್ಡದು ಮಾಡಿದರೆ ಹಿಂದು ಮುಂದಿನ ಸಮತೋಲ ಕೆಡುತ್ತದೆ. ಒದ್ದೆ ರಸ್ತೆಯಲ್ಲಿ ಕೊನೆಗೆ ಮಿತಿ ಹಾಕುವುದು ಟೈರ್. ಆ ದುಡ್ಡಲ್ಲಿ ನಾಲ್ಕು ಒಳ್ಳೆಯ ಟೈರ್ ಬರುತ್ತದೆ, ಅಲ್ವಾ?

ಓಡಿಸುವ ರೀತಿಯನ್ನೂ ಹೋಲಿಸಿ ನೋಡಿದೆ. ಮೂರನೇ ಗೇರ್‌ನಲ್ಲಿ ಬ್ರೇಕ್ ಮೇಲೆ ಕಾಲು ಹಗುರವಾಗಿ ಇಟ್ಟುಕೊಂಡೇ ಇಳಿಯುವುದು ಒಂದು. ಎರಡನೇ ಗೇರ್‌ನಲ್ಲಿ ಇಂಜಿನ್ ಹಿಡಿತಕ್ಕೆ ಬಿಟ್ಟು, ತಿರುವಿನ ಮೊದಲು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡುವುದು ಇನ್ನೊಂದು. ಎರಡನೆಯದರಲ್ಲಿ ಡಿಸ್ಕ್ ಸ್ಪಷ್ಟವಾಗಿ ತಣ್ಣಗಿತ್ತು, ಅಗ್ಗದ ಪ್ಯಾಡ್ ಕೂಡ ಜೋಡುಪಾಲ ದಾಟಿ ಇನ್ನೂ ದೂರ ಬಂತು. ನ್ಯೂಟ್ರಲ್ ಹಾಕಿ, ಇಂಜಿನ್ ಆಫ್ ಮಾಡಿ ಇಳಿಯುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಕೆಲವೇ ಒತ್ತಿಗೆ ಮುಗಿಯುತ್ತದೆ.

ಇಳಿದು ಮುಗಿದ ಮೇಲೆ ಸಂಪಾಜೆಯಲ್ಲಿ ಚಹಾಕ್ಕೆ ನಿಲ್ಲುವುದಾದರೆ, ಕೊನೆಯ ಒಂದೆರಡು ಕಿ.ಮೀ. ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಧಾನವಾಗಿ ಬನ್ನಿ. ಸುಡುತ್ತಿರುವ ಪ್ಯಾಡ್ ಒಂದೇ ಜಾಗದಲ್ಲಿ ಒತ್ತಿ ನಿಂತರೆ ಡಿಸ್ಕ್ ಮೇಲೆ ಅಚ್ಚು ಬೀಳುತ್ತದೆ, ಆಮೇಲೆ ಪೆಡಲ್ ನಡುಗುತ್ತದೆ. ಕಾರನ್ನು ಗೇರ್‌ನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಆರಿದ ಮೇಲೆ ಎಳೆಯಿರಿ.