ಎಫ್3 ಒತ್ತಿದರೆ ಒಂದು ಪ್ಯಾರಾ: ಲಿಬ್ರೆಆಫೀಸ್ ಆಟೋಟೆಕ್ಸ್ಟ್ ಜೊತೆ ನಾಲ್ಕು ವರ್ಷ

ಕಲಬುರಗಿಯ ಮಿನಿ ವಿಧಾನಸೌಧದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅಫಿಡವಿಟ್, ಬಾಡಿಗೆ ಕರಾರು, ಅರ್ಜಿ, ದಿನವಿಡೀ ಇವೇ. ‘ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ’ ಅನ್ನೋ ಸಾಲನ್ನು ಎಷ್ಟು ಸಾವಿರ ಸಲ ಕುಟ್ಟಿದ್ದೆನೋ.

ನಾನು ಟೈಪ್ ಮಾಡೋದು ಲಿಬ್ರೆಆಫೀಸ್‌ನಲ್ಲಿ, ವರ್ಡ್ ತರಹದ ಸಾಫ್ಟ್‌ವೇರ್ ಅದು. ಮೊದಲು ಅದರ ಆಟೋಕರೆಕ್ಟ್‌ಗೆ ಕೈ ಹಾಕಿದೆ, ಹೊಡೆದ ಪದವನ್ನು ತಾನಾಗೇ ಬದಲಿಸೋ ಸೌಲಭ್ಯ. ‘ತಾ’ ಅಂತ ಹೊಡೆದು ಸ್ಪೇಸ್ ಒತ್ತಿದರೆ ‘ತಾಲೂಕು’, ‘ಜಿ’ಗೆ ‘ಜಿಲ್ಲೆ’. ಎರಡು ದಿನ ಬಲು ಖುಷಿ. ಮೂರನೇ ದಿನ ಒಬ್ಬರ ಜಗಳದ ದೂರು ಟೈಪ್ ಮಾಡುತ್ತಿದ್ದೆ. ‘ರೊಕ್ಕ ತಾ ಅಂದ’ ಅನ್ನೋದು ‘ರೊಕ್ಕ ತಾಲೂಕು ಅಂದ’ ಆಗಿತ್ತು! ಕಂಟ್ರೋಲ್ ಜೆಡ್ ಒತ್ತಿದರೆ ಹಳೆಯದು ಬರುತ್ತೆ, ಆದರೆ ಕಣ್ಣಿಗೆ ಬಿದ್ದರೆ ತಾನೇ?

ಆಮೇಲೆ ಆಟೋಟೆಕ್ಸ್ಟ್‌ಗೆ ಬಂದೆ. ಬೇಕಾದ ಪ್ಯಾರಾ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಫ್3 ಒತ್ತಬೇಕು, ಹೆಸರು, ಶಾರ್ಟ್‌ಕಟ್ ಕೊಟ್ಟು ಉಳಿಸಬೇಕು. ಮುಂದೆ ಎರಡಕ್ಷರ ಹೊಡೆದು ಎಫ್3 ಒತ್ತಿದರೆ ಸಾಕು, ಇಡೀ ಪ್ಯಾರಾ ಬಂದು ಕೂರುತ್ತೆ. ನಾವು ಕರೆದರೆ ಮಾತ್ರ ಬರುತ್ತೆ, ಅದೇ ಇದರ ಗುಣ. ನನ್ನ ಶಾರ್ಟ್‌ಕಟ್‌ಗಳು ಇಂಗ್ಲಿಷ್ ಅಕ್ಷರದಲ್ಲಿವೆ. ಹಾಗಾಗಿ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯಿಂದ ಹೊರಬರಲು ಪ್ರತಿ ಸಲ ಸ್ಕ್ರೋಲ್ ಲಾಕ್ ಒತ್ತಬೇಕು. ಅದೊಂದು ಕಿರಿಕಿರಿ.

ದೊಡ್ಡ ಪೆಟ್ಟು ತಿಂದದ್ದು ನನ್ನ ಸೋಮಾರಿತನದಿಂದ. ಪ್ಯಾರಾ ಉಳಿಸುವಾಗ ಅದರೊಳಗೆ ‘ಆಳಂದ ತಾಲೂಕು’ ಹಾಗೇ ಬಿಟ್ಟಿದ್ದೆ. ಚಿಂಚೋಳಿಯ ಅಜ್ಜ ಒಬ್ಬರ ಬಾಂಡ್ ಮೇಲೆ ಅದೇ ಪ್ರಿಂಟ್ ಆಯಿತು. ಹೊಸ ಬಾಂಡ್ ನನ್ನ ಕೈಯಿಂದಲೇ. ಬಿಸಿಲಲ್ಲಿ ಅವರು ಮತ್ತೆ ಅರ್ಧ ತಾಸು ಕೂತರು ಪಾಪ. ಅವತ್ತಿನಿಂದ ಹೆಸರು, ಊರು, ಸರ್ವೆ ನಂಬರ್ ಇರೋ ಕಡೆಯೆಲ್ಲ ಪ್ಲೇಸ್‌ಹೋಲ್ಡರ್, ಅಂದರೆ ಆಮೇಲೆ ತುಂಬೋ ಖಾಲಿ ಜಾಗ, ಇಟ್ಟಿದ್ದೇನೆ. ಇನ್ಸರ್ಟ್ ಮೆನುವಿನ ಫೀಲ್ಡ್‌ನಲ್ಲಿ ಮೋರ್ ಫೀಲ್ಡ್ಸ್ ತೆರೆದರೆ ಫಂಕ್ಷನ್ಸ್ ಟ್ಯಾಬ್‌ನಲ್ಲಿ ಸಿಗುತ್ತೆ. ಅದರ ಮೇಲೆ ಕ್ಲಿಕ್ ಮಾಡಿ ತುಂಬುತ್ತಾ ಹೋದರೆ ಆಯಿತು.

ಇನ್ನೊಂದು ಮಾತು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸೋ ಮುಂಚೆ ಯೂಸರ್ ಪ್ರೊಫೈಲ್‌ನಲ್ಲಿರೋ ಆಟೋಟೆಕ್ಸ್ಟ್ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನಾನು ಹಾಕಿಕೊಂಡಿರಲಿಲ್ಲ. ಎಲ್ಲ ಮತ್ತೆ ಒಂದರಿಂದ ಶುರು.

ಸಾಫ್ಟ್‌ವೇರ್ ಪುಕ್ಕಟೆ, ಆದರೆ ಗಿರಾಕಿಗೆ ಗುಟ್ಟು ಗೊತ್ತಾಗಬಾರದು. ಮೊನ್ನೆ ಒಬ್ಬರು ಸ್ಕ್ರೀನ್ ನೋಡುತ್ತಾ ಕೇಳೇಬಿಟ್ಟರು: ‘ಒಂದು ಗುಂಡಿ ಒತ್ತಿದ್ರಿ ಅಷ್ಟೇ, ಅದಕ್ಕ ನೂರು ರೂಪಾಯಿ ಏನ್ರೀ?’ ಈಗ ಮಾನಿಟರ್ ನನ್ನ ಕಡೆ ತಿರುಗಿಸಿಟ್ಟಿದ್ದೇನೆ.