ಕಾರ್ ಸೀಟಿನ ಎಚ್ಚರಿಕೆ ಪಟ್ಟಿ ಕತ್ತರಿಸಬಹುದೇ? ಕನ್ವರ್ಟಿಬಲ್ ಸೀಟ್ ಮತ್ತು ಸ್ಟ್ರೋಲರ್‌: ದೀರ್ಘ ಬಳಕೆಯ ವಿಮರ್ಶೆ

ಹುಟ್ಟಿದ ಮಗುವಿನಿಂದ 18 ಕೆಜಿವರೆಗೆ ಆಗುವ, ಹತ್ತು ಸಾವಿರ ರೂಪಾಯಿ ಒಳಗೆ ಸಿಗುವ ಕನ್ವರ್ಟಿಬಲ್ (ಹಿಮ್ಮುಖ, ಮುಮ್ಮುಖ ಎರಡೂ ರೀತಿ ಕೂರಿಸಬಹುದಾದ) ಕಾರ್ ಸೀಟ್, ಜೊತೆಗೆ ಮಡಚಿ ಕಾರಿನ ಡಿಕ್ಕಿಗೆ ಹಾಕುವ ಸಾಧಾರಣ ಸ್ಟ್ರೋಲರ್, ಅಂದರೆ ಮಗುವಿನ ತಳ್ಳುಗಾಡಿ. ಈ ವಿಮರ್ಶೆ ಎರಡಕ್ಕೂ ಸೇರಿದ್ದು. ಪ್ಯಾಡ್ ಎಷ್ಟು ದಪ್ಪ, ಎಷ್ಟು ಹಂತಕ್ಕೆ ಒರಗುತ್ತದೆ, ಯಾವ ಬಣ್ಣಗಳಿವೆ ಎಂಬುದೆಲ್ಲ ಮಾರಾಟದ ಪುಟದಲ್ಲೇ ಇರುತ್ತದೆ. ಅಲ್ಲಿ ಯಾರೂ ಬರೆಯದ ವಿಷಯವೆಂದರೆ ಇವುಗಳ ಮೇಲಿನ ಪಟ್ಟಿಗಳು, ಅಂದರೆ ಲೇಬಲ್‌ಗಳು. ಕಾರ್ ಸೀಟ್ ಡಬ್ಬಿಯಿಂದ ಹೊರಬಂದಾಗ ಎಡಕ್ಕೊಂದು, ಬಲಕ್ಕೊಂದು, ಹಿಂದೆ ಎರಡು, ತಲೆ ಇಡುವ ಜಾಗದಲ್ಲಿ ಏರ್‌ಬ್ಯಾಗ್ ಎಚ್ಚರಿಕೆಯ ದೊಡ್ಡ ಹಳದಿಯದೊಂದು. ನೋಡಲು ಚೆನ್ನಾಗಿಲ್ಲ, ನಿಜ.

ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಈ ಹಳದಿ ಪಟ್ಟಿಯದೇ. ಸುತ್ತಲಿನ ಬಟ್ಟೆ ಮೃದು, ಇದು ಮಾತ್ರ ನುಣುಪಾದ ಬಿರುಸು ಬಟ್ಟೆ. ಬೆವರು ಹೀರುವುದಿಲ್ಲ, ಮಗುವಿನ ಕೆನ್ನೆಗೆ ಅಂಟಿಕೊಳ್ಳುತ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಸುಡುತ್ತದೆ. ಹೊಲಿಗೆ ಬಿಚ್ಚಿ ತೆಗೆದುಬಿಡೋಣ ಎಂದು ಬಹಳ ಅಪ್ಪ-ಅಮ್ಮಂದಿರಿಗೆ ಅನಿಸುವುದು ಇದನ್ನು ನೋಡಿಯೇ.

ತೆಗೆಯಬೇಡಿ. ಅದು ಅಲ್ಲಿರುವುದು ಕಂಪನಿಯ ಅಭಿರುಚಿಯಿಂದಲ್ಲ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಸೀಟುಗಳು ಪಾಲಿಸುವ, ಮಕ್ಕಳ ಸೀಟಿಗಾಗಿ ವಿಶ್ವಸಂಸ್ಥೆ ಮಾಡಿದ ಇಸಿಇ ಆರ್44/04 ನಿಯಮದಲ್ಲೇ ಅದರ ಅಳತೆ, ಜಾಗ ಎರಡೂ ಇವೆ. ಹಿಮ್ಮುಖ (ಮಗು ಕಾರಿನ ಹಿಂಬದಿಗೆ ಮುಖ ಮಾಡಿ ಕೂರುವ) ಸೀಟಿನ ಏರ್‌ಬ್ಯಾಗ್ ಎಚ್ಚರಿಕೆ ಕನಿಷ್ಠ 60 × 120 ಮಿಮೀ ಇರಬೇಕು, ಸೀಟ್ ಕೂರಿಸಿದ ಮೇಲೂ ಕಾಣಬೇಕು. ಕವರಿಗೆ ನಾಲ್ಕೂ ಬದಿ ಹೊಲಿದಿರಬೇಕು ಅಥವಾ ಹಿಂಭಾಗ ಪೂರ್ತಿ ಅಂಟಿರಬೇಕು. ಒಂದೇ ಅಂಚಿಗೆ ಹೊಲಿದು ಬಾವುಟದಂತೆ ನೇತಾಡುವ ಪಟ್ಟಿಗೆ ನಿಯಮವೇ ನಿಷೇಧ ಹಾಕಿದೆ. ಅಂಥದಾದರೆ ಒಂದೇ ಕತ್ತರಿ ಏಟಿಗೆ ಹೋಗುತ್ತದಲ್ಲ! ಕಂಪನಿ ಕೊಟ್ಟ ತಲೆದಿಂಬು ಆ ಪಟ್ಟಿಯನ್ನು ಮುಚ್ಚುವಂತಿದ್ದರೆ ಇನ್ನೊಂದು ಪಟ್ಟಿ ಹಾಕಬೇಕು ಎಂಬ ಮಾತೂ ಅದರಲ್ಲಿದೆ.

ಇಷ್ಟು ಹಟ ಏಕೆಂದರೆ, ಹಿಮ್ಮುಖವಾಗಿ ಕೂರಿಸಿದ ಸೀಟನ್ನು ಡ್ರೈವರ್ ಪಕ್ಕ ಇಟ್ಟರೆ ಅದರ ಬೆನ್ನು ಡ್ಯಾಶ್‌ಬೋರ್ಡಿಗೆ ಹತ್ತಿರವಾಗುತ್ತದೆ. ಡಿಕ್ಕಿಯಾದಾಗ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ, ಸರಿಯಾಗಿ ಮಗುವಿನ ತಲೆಯ ಹಿಂದಿರುವ ಶೆಲ್ಲಿಗೇ (ಸೀಟಿನ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿಗೇ) ಬಡಿಯುತ್ತದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಹೀಗೆ ಶಿಶುಗಳು ಸತ್ತ ಮೇಲೆ, 1996ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಕಾರಿಗೂ ಮಕ್ಕಳ ಸೀಟಿಗೂ ಹೊಸ ಎಚ್ಚರಿಕೆ ಪಟ್ಟಿಗಳನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2021ರ ಕೊನೆಯಿಂದ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇರಲೇಬೇಕು. ಹಳೆಯ ಕಾರಿನಲ್ಲಿ ಮುಂದೆ ಕೂರಿಸಿ ಅಭ್ಯಾಸವಾದವರು ಹೊಸ ಕಾರಿನಲ್ಲೂ ಹಾಗೇ ಕೂರಿಸಲು ಹೋದಾಗ ತಡೆಯುವುದಕ್ಕೆಂದೇ ಇರುವುದು ಆ ಹಳದಿ ಪಟ್ಟಿ. ಸೀಟಿನ ಪ್ರತಿದಿನದ ಬಳಕೆದಾರರಿಗೆ ಇದು ಗೊತ್ತಿರುತ್ತದೆ. ಊರಿನಿಂದ ಬಂದ ಮಾವನಿಗೆ, ಒಂದು ದಿನದ ಮಟ್ಟಿಗೆ ಬಂದ ಡ್ರೈವರಿಗೆ ಗೊತ್ತಿರುವುದಿಲ್ಲ. ಪಟ್ಟಿ ಇರುವುದು ಅವರಿಗೆ.

ಬಿಚ್ಚಲು ಹೋದರೆ ಏನು ಕೆಡುತ್ತದೆ ಎಂಬುದನ್ನೂ ಹೇಳಬೇಕು. ಕವರ್ ಎಂದರೆ ಮೇಲೆ ಬಟ್ಟೆ, ಕೆಳಗೆ ತೆಳು ಸ್ಪಂಜು. ಪಟ್ಟಿಯ ಹೊಲಿಗೆ ಎರಡನ್ನೂ ಹಾದು ಹೋಗಿರುತ್ತದೆ. ಬ್ಲೇಡಿನಿಂದ ದಾರ ಕತ್ತರಿಸುವಾಗ ಸ್ಪಂಜಿಗೆ ಗಾಯವಾಗುತ್ತದೆ, ಆಮೇಲೆ ಒಗೆದಂತೆಲ್ಲ ಅಲ್ಲಿಂದಲೇ ಪುಡಿ ಉದುರುತ್ತದೆ. ಪಟ್ಟಿಯ ಅಂಚು ಬೆಲ್ಟ್ ಹೊರಬರುವ ಸೀಳಿನ ಪಕ್ಕದಲ್ಲೇ ಇದ್ದರಂತೂ ಸೀಳಿನ ಹೊಲಿಗೆಯೇ ಬಿಚ್ಚಿಕೊಂಡು, ಭುಜದ ಬೆಲ್ಟ್ ಎಳೆದಾಗೆಲ್ಲ ಬಟ್ಟೆ ಒಳಗೆ ಸಿಕ್ಕಿಕೊಳ್ಳುತ್ತದೆ. ಭುಜದ ಬೆಲ್ಟಿಗೇ ಹೊಲಿದ ಚಿಕ್ಕ ಪಟ್ಟಿಯ ಹತ್ತಿರ ಕತ್ತರಿ ತರಲೇಬಾರದು. ಡಿಕ್ಕಿಯ ಪೂರ್ತಿ ಭಾರ ಹೊರುವುದು ಆ ಬೆಲ್ಟಿನ ನೂಲು. ಅಲ್ಲಿ ಒಂದೆರಡು ಎಳೆ ಹರಿದರೂ ಆ ಬೆಲ್ಟನ್ನು ನಂಬುವ ಹಾಗಿಲ್ಲ.

ಬಿಸಿ, ಬೆವರಿಗೆ ಬೇರೆ ದಾರಿಗಳಿವೆ. ಕಾರು ನಿಲ್ಲಿಸಿದಾಗ ಸೀಟಿನ ಮೇಲೆ ಬಿಳಿ ಪಂಚೆಯೋ ಹಳೆಯ ಬೆಡ್‌ಶೀಟೋ ಹೊದಿಸಿಡಿ. ಹೊರಡುವಾಗ ಅದನ್ನು ತೆಗೆದು, ಕಾರಿನ ಬಾಗಿಲುಗಳನ್ನು ಎರಡು ನಿಮಿಷ ತೆರೆದಿಟ್ಟು, ಪಟ್ಟಿಗೂ ಬಕಲಿನ ಲೋಹದ ನಾಲಿಗೆಗೂ ಅಂಗೈ ಹಿಂಭಾಗ ತಾಗಿಸಿ ನೋಡಿ. ಪಟ್ಟಿಗಿಂತ ಆ ನಾಲಿಗೆ ಹೆಚ್ಚು ಸುಡುತ್ತದೆ. ಮಗುವಿಗೆ ತೆಳು ಕಾಲರಿನ ಹತ್ತಿ ಅಂಗಿ ಹಾಕಿದರೆ ಬೆಲ್ಟ್ ಕುತ್ತಿಗೆಗೆ ಉಜ್ಜುವುದು ನಿಲ್ಲುತ್ತದೆ. ಅಂಗಡಿಯಲ್ಲಿ ಬೇರೆಯಾಗಿ ಸಿಗುವ ದಪ್ಪ ತಲೆದಿಂಬು, ಕೂಲಿಂಗ್ ಮ್ಯಾಟ್ ಬೇಡ. ಮಗುವಿನ ಬೆನ್ನ ಹಿಂದೆ ಸೇರಿದ ಮೆತ್ತೆ ಡಿಕ್ಕಿಯಲ್ಲಿ ಅಮುಕಿಹೋಗಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಬಿಗಿದ ಮೇಲೆ ಕಾಲರ್ ಎಲುಬಿನ ಹತ್ತಿರ ಅದನ್ನು ಎರಡು ಬೆರಳಲ್ಲಿ ಚಿವುಟಲು ನೋಡಬೇಕು. ಮಡಿಕೆ ಸಿಕ್ಕಿದರೆ ಇನ್ನೂ ಬಿಗಿ ಮಾಡಬೇಕು.

ಕೀಳಬಹುದಾದವೂ ಇವೆ. ಎಂಆರ್‌ಪಿ ಸ್ಟಿಕ್ಕರ್, ಜಾಹೀರಾತಿನ ಗುಂಡು ಸ್ಟಿಕ್ಕರ್, ಬಕಲಿನ ಮೇಲಿನ ಪಾರದರ್ಶಕ ಹಾಳೆ, ಪ್ಲಾಸ್ಟಿಕ್ ಎಳೆಗೆ ನೇತುಬಿದ್ದ ಟ್ಯಾಗ್. ಟ್ಯಾಗ್ ತೆಗೆಯುವಾಗ ಆ ಎಳೆಯ ಎರಡೂ ತುದಿಗಳನ್ನು ಹುಡುಕಿ ತೆಗೆಯಿರಿ. ಬಟ್ಟೆಯೊಳಗೆ ಉಳಿದ ಚೂರು ಯಾವತ್ತಾದರೂ ಮಗುವಿನ ಬಾಯಿಗೆ ಹೋಗುತ್ತದೆ. ಸ್ಟಿಕ್ಕರಿಗೆ ಸೋಪಿನ ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಒತ್ತಿಟ್ಟು, ಮೂಲೆಯಿಂದ ಉಗುರಲ್ಲಿ ಎಬ್ಬಿಸಿ. ಅಂಟು ಉಳಿದರೆ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಮಾತ್ರ ಒಂದೆರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಸೋಪಿನ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಎಣ್ಣೆ ಬೆಲ್ಟಿಗೆ ತಾಗಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಂಟು ಬಿಡಿಸಲು ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಬಳಸಲೇಬೇಡಿ. ಕವರ್ ಎತ್ತಿ ನೋಡಿದರೆ ತಲೆಯ ಎರಡೂ ಬದಿಗೆ ಥರ್ಮಾಕೋಲಿನಂಥ ದಪ್ಪ ತುಂಡುಗಳು ಕಾಣುತ್ತವೆ. ಡಿಕ್ಕಿಯ ಪೆಟ್ಟನ್ನು ಹೀರಿಕೊಳ್ಳುವುದು ಅವೇ. ಥಿನ್ನರ್ ಹನಿ ಬಿದ್ದ ಕ್ಷಣ ಅಲ್ಲಿ ಚುರ್ ಎಂದು ಗುಳ್ಳೆಯೆದ್ದು ಗುಳಿ ಬೀಳುತ್ತದೆ, ಅಂಚು ಅಂಟಂಟಾಗಿ ಕುಗ್ಗುತ್ತದೆ. ರಿಮೂವರಿನಲ್ಲಿರುವ ಅಸಿಟೋನ್ ಮಾಡುವುದೂ ಅದನ್ನೇ. ಕವರ್ ಮತ್ತೆ ಹಾಕಿದ ಮೇಲೆ ಹೊರಗಿನಿಂದ ಏನೂ ಗೊತ್ತಾಗದು, ಆದರೆ ಆ ಜಾಗದಲ್ಲಿ ತಲೆಗೆ ಆಸರೆ ಇರುವುದಿಲ್ಲ. ಅದಕ್ಕಿಂತ ಅಂಟಿನ ಕಲೆ ಉಳಿದರೂ ಪರವಾಗಿಲ್ಲ.

ಈ ಬೆಲೆಯ ಸೀಟಿನಿಂದ ನಿರೀಕ್ಷಿಸದ ಸಂತೋಷ ಸಿಕ್ಕಿದ್ದು ಪಕ್ಕದ ಸ್ಟಿಕ್ಕರುಗಳಿಂದ. ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಕಾರಿನ ಬೆಲ್ಟ್ ಯಾವ ಕೊಕ್ಕೆಯಡಿ ಹೋಗಬೇಕೆಂದು ಬಾಣದ ಗುರುತಿನ ಚಿತ್ರವೂ ಇದೆ. ಐಸೊಫಿಕ್ಸ್ (ಕಾರಿನಲ್ಲಿರುವ ಲೋಹದ ಕೊಂಡಿಗೆ ನೇರವಾಗಿ ಸಿಕ್ಕಿಸುವ ವ್ಯವಸ್ಥೆ) ಇಲ್ಲದ ಸೀಟಾದ್ದರಿಂದ ಕಾರು ಬದಲಾದಾಗೆಲ್ಲ ಬಿಚ್ಚಿ ಕಟ್ಟಬೇಕು. ನೀಲಿ ದಾರಿಯಲ್ಲಿ ಸೊಂಟದ ಬೆಲ್ಟನ್ನು ಎರಡೂ ಕೊಕ್ಕೆಯಡಿ ಹಾಯಿಸಿ, ಭುಜದ ಬೆಲ್ಟನ್ನು ಶೆಲ್ಲಿನ ಬೆನ್ನು ಸುತ್ತಿಸಿ ತಂದು, ಸೀಟಿನ ಮೇಲೆ ಮಂಡಿಯೂರಿ ಭಾರ ಹಾಕಿ ಸಡಿಲವನ್ನೆಲ್ಲ ಎಳೆಯಬೇಕು. ಆಮೇಲೆ ಬೆಲ್ಟ್ ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ಮತ್ತೆ ಮೊದಲಿನಿಂದ ಕಟ್ಟಬೇಕು. ಕೆಲವು ಸಣ್ಣ ಕಾರುಗಳಲ್ಲಿ ಹಿಂದಿನ ಬೆಲ್ಟ್ ಸುತ್ತಿ ಬರುವಷ್ಟು ಉದ್ದ ಸಾಲದು. ಹಾಗಾಗಿ ಕೊಳ್ಳುವ ಮುಂಚೆಯೇ ಕಾರಿನಲ್ಲಿ ಇಟ್ಟು ನೋಡಿ. ಕೈಪಿಡಿ ಮನೆಯಲ್ಲಿ ಎಲ್ಲೋ ಇರುತ್ತದೆ, ಈ ಚಿತ್ರ ಸೀಟಿನ ಜೊತೆಗೇ ಬರುತ್ತದೆ. ಮೊದಲ ಸಲ ಕಟ್ಟುವವರೂ ಬಣ್ಣ ಹಿಡಿದು ಹೋದರೆ ತಪ್ಪುವುದಿಲ್ಲ. ಹಳದಿ ಪಟ್ಟಿಯ ಮೇಲಿನ ಸಿಟ್ಟು ಬಹುಮಟ್ಟಿಗೆ ಇಳಿಯುವುದು ಇಲ್ಲಿಯೇ.

ಆದರೆ ಒಂದು ದೂರು ಹಾಗೇ ಉಳಿದಿದೆ. ಪಟ್ಟಿಯ ಮೇಲೆ ಇಂಗ್ಲಿಷ್, ಜರ್ಮನ್, ಫ್ರೆಂಚ್ ಎಲ್ಲ ಇವೆ, ಕನ್ನಡವಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾರುವ ಸೀಟಿನಲ್ಲಿ ಅಜ್ಜಿ ಓದುವ ಭಾಷೆ ಇರಬೇಡವೇ? ಸದ್ಯಕ್ಕೆ ಬಿಳಿ ಟೇಪಿನ ಮೇಲೆ ಮಾರ್ಕರಿನಲ್ಲಿ “ಮುಂದಿನ ಸೀಟಿನಲ್ಲಿ ಇಡಬೇಡಿ. 13 ಕೆಜಿವರೆಗೆ ಹಿಮ್ಮುಖ, ನೀಲಿ ದಾರಿ” ಎಂದು ಬರೆದು ಗಟ್ಟಿ ಶೆಲ್ಲಿನ ಪಕ್ಕಕ್ಕೆ ಅಂಟಿಸಿ, ಮೂಲ ಪಟ್ಟಿಯ ಮೇಲೆ ಮಾತ್ರ ಬೇಡ. ಆರ್44 ಪ್ರಕಾರ 9 ಕೆಜಿ ದಾಟಿದರೆ ಮುಮ್ಮುಖಕ್ಕೆ ತಿರುಗಿಸಬಹುದು, ಆದರೂ ಮಗು ಹಿಡಿಸುವವರೆಗೆ ಹಿಮ್ಮುಖವೇ ಮೇಲು. ಹೊಸ ಆರ್129 ನಿಯಮವಂತೂ ಕನಿಷ್ಠ 15 ತಿಂಗಳು ಹಿಮ್ಮುಖ ಎನ್ನುತ್ತದೆ.

ಸ್ಟ್ರೋಲರ್ ವಿಷಯಕ್ಕೆ ಬಂದರೆ ಮತ್ತೆ ಬೇಸರವೇ. ಸೀಟಿಗೆ ಹೊಲಿದ ಪಟ್ಟಿಗಳು ಗಟ್ಟಿಯಾಗಿವೆ. ಆದರೆ ಮಗುವಿನ ಮುಂದಿನ ಅಡ್ಡಪಟ್ಟಿಗೆ ಬರೀ ಕಾಗದದ ಸ್ಟಿಕ್ಕರ್ ಹಾಕಿದ್ದಾರೆ. ಹಲ್ಲು ಬರುವ ಮಗು ಕಚ್ಚುವುದೇ ಅಲ್ಲಿ. ಜೊಲ್ಲಿಗೆ ನೆನೆದು ಅಂಚು ಎದ್ದು, ಚೂರು ನಾಲಿಗೆಗೆ ಬರುತ್ತದೆ. ಅಮೆರಿಕದ ಸ್ಟ್ರೋಲರ್ ಮಾನದಂಡದಲ್ಲಿ ಇದಕ್ಕೊಂದು ಪರೀಕ್ಷೆಯಿದೆ. ಉಪಕರಣ, ದ್ರಾವಣ ಇಲ್ಲದೆ ಕೀಳಲು ಹೋದರೆ ಎಚ್ಚರಿಕೆಯ ಸ್ಟಿಕ್ಕರ್ ಬರಬಾರದು, ಅಥವಾ ಕೀಳುವಾಗ ಚೂರಾಗಬೇಕು, ಇಲ್ಲವೇ ಅಡಿಯ ಮೇಲ್ಮೈ ಹಾಳಾಗಬೇಕು. ಬಾಯಿಗೆ ಸಿಗುವ ಜಾಗದಲ್ಲಿ ಅಂಚು ಎದ್ದಿದ್ದರೆ ಅದನ್ನು ಪೂರ್ತಿ ಕಿತ್ತು, ಅದರಲ್ಲಿದ್ದ ಮಾತನ್ನು ಹಿಡಿಕೆಯ ಹತ್ತಿರ ಬರೆದು ಅಂಟಿಸುವುದು ಸರಿ. ಎಚ್ಚರಿಕೆ ಪಟ್ಟಿ ತೆಗೆಯಿರಿ ಎಂದು ಹೇಳುವ ಸಂದರ್ಭ ಇದೊಂದೇ.

ಮಡಚುವ ಕೀಲಿನ ಪಕ್ಕದ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ. 2009ರಲ್ಲಿ ಮಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರೋಲರ್‌ಗಳಿಗೆ ಕೀಲು ಮುಚ್ಚುವ ಕವಚ ಕೊಡಬೇಕಾಯಿತು. ಮಕ್ಕಳ ಬೆರಳ ತುದಿ ತುಂಡಾದ 12 ಘಟನೆಗಳು ವರದಿಯಾಗಿದ್ದವು. ಬಿಚ್ಚುವಾಗ, ಮಡಚುವಾಗ ಮಗುವನ್ನು ದೂರ ನಿಲ್ಲಿಸಿ ಎಂಬ ಸಾಲು ಆ ಪಟ್ಟಿಯಲ್ಲಿದೆ. ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ಈ ಸೀಟ್ ಆಗದು ಎಂಬ ಸಾಲು ಇದ್ದರೆ ಅದೂ ಇರಲಿ. ಸ್ಟ್ರೋಲರ್ ಪಕ್ಕದ ಮನೆಗೆ, ನಾದಿನಿ ಮನೆಗೆ ಹೋಗುವ ವಸ್ತು.

ಕೊಂಡ ದಿನವೇ ಪಟ್ಟಿಗಳ ಫೋಟೊ ತೆಗೆದಿಡಿ. ಕಿತ್ತಳೆ ಬಣ್ಣದ ಪಟ್ಟಿಯಲ್ಲಿ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ, ಕೆಳಗೆ 04ರಿಂದ ಶುರುವಾಗುವ ಅನುಮೋದನೆ ಸಂಖ್ಯೆ ಇರುತ್ತದೆ. ತಯಾರಾದ ದಿನಾಂಕ, ಮಾಡೆಲ್ ಸಂಖ್ಯೆ ಇರುವ ಪಟ್ಟಿ ಬೇರೆ. ಕವರ್ ಒಗೆಯುವಾಗ ತಣ್ಣೀರು, ಮೃದು ಸೋಪು, ಹಿಂಡದೆ ನೆರಳಲ್ಲಿ ಒಣಗಿಸಿದರೆ ಅಕ್ಷರ ಮಾಸುವುದಿಲ್ಲ. ಬೆಲ್ಟನ್ನು ನೀರಲ್ಲಿ ನೆನೆಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಈ ಪಟ್ಟಿಗಳ ಫೋಟೊವನ್ನೇ. ಅವಿಲ್ಲದ ಸೀಟಿಗೆ ವಯಸ್ಸೆಷ್ಟು, ಕಂಪನಿ ಅದನ್ನು ವಾಪಸ್ ಕರೆದಿತ್ತೇ ಎಂದು ತಿಳಿಯುವುದು ಕಷ್ಟ. ಸಾಮಾನ್ಯವಾಗಿ ಇವುಗಳ ಆಯಸ್ಸು 6ರಿಂದ 10 ವರ್ಷ. ಪಟ್ಟಿ ಹೋಗಿದ್ದರೆ ಸೀಟನ್ನು ಬೋರಲು ಹಾಕಿ ಶೆಲ್ಲಿನ ಅಡಿ ನೋಡಿ. ಕೆಲವದರಲ್ಲಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾದ ಗಡಿಯಾರದಂಥ ಗುರುತು ಇರುತ್ತದೆ, ಬಾಣದ ಮುಳ್ಳು ತಿಂಗಳನ್ನು, ನಡುವಿನ ಅಂಕಿ ವರ್ಷವನ್ನು ತೋರಿಸುತ್ತದೆ. ಅದೂ ಇಲ್ಲದಿದ್ದರೆ ಎಂಟುನೂರು ರೂಪಾಯಿಗೆ ಕೊಟ್ಟರೂ ಆ ಸೀಟ್ ಬೇಡ.