ನೆಂಟರು ಬಂದ ಮನೆಯ ಹುರುಪು: ಲಂಡನ್ 2012 ಒಲಿಂಪಿಕ್ಸ್ ಆತಿಥ್ಯದ ಒಂದು ವಿಮರ್ಶೆ

ದೊಡ್ಡ ಕ್ರೀಡಾಕೂಟವೊಂದನ್ನು ತನ್ನ ನೆಲದಲ್ಲಿ ನಡೆಸಲು ಒಂದು ದೇಶ ಮುಂದಾದಾಗ ಅದರ ಖರ್ಚಿನ ಬಹುಪಾಲನ್ನು ಹೊರುವವರು ಅಲ್ಲಿಯ ಜನರೇ. ಆದ್ದರಿಂದ ಕ್ರೀಡಾಕೂಟದ ಆತಿಥ್ಯವನ್ನು ಜನರು ಹಣ ತೆತ್ತು ಪಡೆದ ಒಂದು ಸೇವೆಯೆಂದು ಭಾವಿಸಿ, ಹೇಳಿದ್ದು ಸಿಕ್ಕಿತೇ, ಸಿಕ್ಕಿದ್ದು ಎಷ್ಟು ದಿನ ಬಾಳಿತು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಲಂಡನ್ 2012ರ ಒಲಿಂಪಿಕ್ಸನ್ನು ಈ ಪರೀಕ್ಷೆಗೆ ಆರಿಸಿಕೊಳ್ಳಲು ಕಾರಣವಿದೆ. ದೇಶದ ಮನಸ್ಸು ಅರಳಿತು ಎಂಬ ಮಾತನ್ನು ಎಲ್ಲ ಆತಿಥೇಯರೂ ಆಡುತ್ತಾರೆ, ಆದರೆ ಆ ಅರಳುವಿಕೆಯನ್ನು ಕೂಟಕ್ಕೆ ಮುಂಚೆ, ಕೂಟದ ನಡುವೆ ಮತ್ತು ಕೂಟದ ಮರುವರ್ಷ ಅಳೆದು ನೋಡಿದ ಉದಾಹರಣೆಗಳು ಕಡಿಮೆ. ಲಂಡನ್ ಅವುಗಳಲ್ಲಿ ಒಂದು.

ಆರಂಭ ಶುಭವಾಗಿರಲಿಲ್ಲ. 2005ರ ಜುಲೈ 6ರಂದು ಸಿಂಗಪುರದಲ್ಲಿ ನಡೆದ ಮತದಾನದಲ್ಲಿ ಲಂಡನ್ 54–50 ಮತಗಳಿಂದ ಪ್ಯಾರಿಸ್ಸನ್ನು ಹಿಂದಿಕ್ಕಿತು. ಮರುದಿನ ಬೆಳಿಗ್ಗೆಯೇ ಲಂಡನ್ನಿನ ಸುರಂಗ ರೈಲುಗಳಲ್ಲಿಯೂ ಒಂದು ಬಸ್ಸಿನಲ್ಲಿಯೂ ಬಾಂಬುಗಳು ಸಿಡಿದು 52 ಜನ ಸತ್ತರು. ಸಂಭ್ರಮ ಒಂದು ದಿನವೂ ಉಳಿಯಲಿಲ್ಲ. ಆಮೇಲೆ ಬಂದದ್ದು ಲೆಕ್ಕಪತ್ರದ ಜಗಳ: ಬಿಡ್ ಸಲ್ಲಿಸುವಾಗ ಸುಮಾರು 240 ಕೋಟಿ ಪೌಂಡ್ ಎಂದಿದ್ದ ಸಾರ್ವಜನಿಕ ವೆಚ್ಚದ ಅಂದಾಜು 2007ರ ಹೊತ್ತಿಗೆ 930 ಕೋಟಿ ಪೌಂಡ್‌ಗೆ ಏರಿತ್ತು. ಹೇಳಿದ ದರದ ಮೂರೂವರೆ ಪಟ್ಟಿಗಿಂತ ಹೆಚ್ಚು ಕೇಳುವ ಯಾವ ಗುತ್ತಿಗೆದಾರನನ್ನೂ ನಾವು ಮನೆಯ ಬಾಗಿಲೊಳಗೆ ಬಿಡುವುದಿಲ್ಲ. ಕ್ರೀಡಾಕೂಟಗಳಿಗೆ ಮಾತ್ರ ಈ ವಿನಾಯಿತಿ ಹೇಗೋ ಸಿಕ್ಕಿಬಿಡುತ್ತದೆ.

ಟಿಕೆಟ್ ವ್ಯವಸ್ಥೆಗೆ ನಾನು ಒಳ್ಳೆಯ ಅಂಕ ಕೊಡಲಾರೆ. 2011ರಲ್ಲಿ ಅರ್ಜಿ ಹಾಕಿದ ಲಕ್ಷಾಂತರ ಜನರಿಗೆ ಲಾಟರಿ ಎತ್ತುವಿಕೆಯಲ್ಲಿ ಒಂದೂ ಟಿಕೆಟ್ ಬರಲಿಲ್ಲ. ಅಂಥವರು ಕೂಟದ ಮೊದಲ ದಿನಗಳಲ್ಲಿ ಟಿವಿ ಹಾಕಿದಾಗ ಕಂಡದ್ದು, ಗಣ್ಯರಿಗೂ ಕ್ರೀಡಾ ಒಕ್ಕೂಟಗಳಿಗೂ ಮೀಸಲಿಟ್ಟಿದ್ದ ಸಾಲು ಸಾಲು ಖಾಲಿ ಕುರ್ಚಿಗಳನ್ನು. ಕೊನೆಗೆ ಸೈನಿಕರನ್ನೂ ವಿದ್ಯಾರ್ಥಿಗಳನ್ನೂ ಕರೆತಂದು ಅಲ್ಲಿ ಕೂರಿಸಬೇಕಾಯಿತು. ಕಾವಲಿನ ಗುತ್ತಿಗೆ ಹಿಡಿದಿದ್ದ ಖಾಸಗಿ ಸಂಸ್ಥೆ, ಉದ್ಘಾಟನೆಗೆ ಎರಡು ವಾರ ಉಳಿದಿರುವಾಗ, ಒಪ್ಪಿಕೊಂಡಷ್ಟು ಸಿಬ್ಬಂದಿಯನ್ನು ಒದಗಿಸಲಾರೆನೆಂದು ಕೈಚೆಲ್ಲಿತು. ಸಾವಿರಾರು ಸೈನಿಕರು ತಮ್ಮ ರಜೆ ಬಿಟ್ಟು ಬಂದು ಗೇಟಿನಲ್ಲಿ ಚೀಲ ತಪಾಸಣೆಗೆ ನಿಂತರು. ಅವರು ತೋರಿದ ಸೌಜನ್ಯವನ್ನು ಪ್ರೇಕ್ಷಕರು ಮೆಚ್ಚಿಕೊಂಡರು ಎಂಬುದು ಬೇರೆ ಮಾತು. ಅದು ಯೋಜನೆಯ ಗುಣವಲ್ಲ, ಯೋಜನೆ ಕೈಕೊಟ್ಟಾಗ ಒದಗಿದ ಪುಣ್ಯ.

ಇಷ್ಟೆಲ್ಲ ದೂರುಗಳಿದ್ದ ಊರು ಜುಲೈ ಕೊನೆಯ ವಾರದಲ್ಲಿ ಒಮ್ಮೆಗೇ ಹೇಗೆ ಗೆಲುವಾಯಿತು? ನನ್ನ ಉತ್ತರ ಕ್ರೀಡಾಂಗಣದ ಒಳಗಿಲ್ಲ, ರೈಲು ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿ ಟೆನಿಸ್ ಅಂಪೈರ್ ಕೂರುವಂಥ ಎತ್ತರದ ಕುರ್ಚಿಗಳ ಮೇಲೆ, ನೇರಳೆ ಮತ್ತು ಕೆಂಪು ಬಣ್ಣದ ಅಂಗಿ ತೊಟ್ಟ ಸ್ವಯಂಸೇವಕರು ಧ್ವನಿವರ್ಧಕ ಹಿಡಿದು ಕುಳಿತಿದ್ದರು. ಅವರ ಕೆಲಸ ದಾರಿ ತೋರಿಸುವುದಷ್ಟೆ. ಆದರೆ ಗಂಟೆಗಟ್ಟಲೆ ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಎಂದು ಹೇಳಿಕೊಂಡು ಕೂರುವ ಮನುಷ್ಯ ಎಷ್ಟು ಹೊತ್ತು ತಾನೇ ಗಂಭೀರವಾಗಿರಬಲ್ಲ? ಅವರು ತಮಾಷೆ ಮಾಡತೊಡಗಿದರು, ಮಳೆಯನ್ನು ಹಾಸ್ಯ ಮಾಡಿದರು, ದೊಡ್ಡ ಸ್ಪಂಜಿನ ಕೈಬೆರಳುಗಳಿಂದ ದಾರಿ ತೋರಿಸುತ್ತ ಮಕ್ಕಳ ಕೈಗೆ ಕೈ ತಟ್ಟಿದರು. ರೈಲಿನಲ್ಲಿ ಪಕ್ಕದವರ ಮುಖ ನೋಡದೆ ಪ್ರಯಾಣಿಸುವುದಕ್ಕೆ ಹೆಸರಾದ ನಗರದಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಮಾತಾಡಿಸಲು ಅಷ್ಟು ಸಾಕಾಯಿತು.

ಇಂಥ ಸ್ವಯಂಸೇವಕರು ಸುಮಾರು 70,000 ಮಂದಿ ಇದ್ದರು. ಅರ್ಜಿ ಹಾಕಿದ್ದವರು ಎರಡು ಲಕ್ಷಕ್ಕೂ ಹೆಚ್ಚು. ಅವರಿಗೆ ಸಂಬಳವಿರಲಿಲ್ಲ, ವಸತಿಯೂ ಇರಲಿಲ್ಲ. ಸಮವಸ್ತ್ರ, ಪಾಳಿಯ ದಿನದ ಊಟ, ನಗರದೊಳಗಿನ ಪ್ರಯಾಣ ಇಷ್ಟೇ. ಕೂಲಿಯಿಲ್ಲದೆ ದುಡಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ನಾನು ಬದಿಗೆ ಸರಿಸುತ್ತಿಲ್ಲ. ಆದರೂ ನೆಂಟರು ಬರುತ್ತಾರೆಂದು ತಿಳಿದ ಮನೆಯಲ್ಲಿ, ಮುಂಚಿನ ದಿನದವರೆಗೆ ಮಾತು ಬಿಟ್ಟಿದ್ದವರೂ ಸೇರಿ ಜಮಖಾನೆ ಕೊಡವುವುದನ್ನು ಕಂಡವರಿಗೆ ಇಲ್ಲಿ ನಡೆದದ್ದು ತಕ್ಷಣ ಅರ್ಥವಾಗುತ್ತದೆ. ಖುಷಿಯಾದದ್ದು ನೆಂಟರಿಗಷ್ಟೇ ಅಲ್ಲ, ಅವರಿಗಾಗಿ ಓಡಾಡಿದ ಮನೆಯವರಿಗೂ.

ಪಂಜಿನ ಓಟವೂ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿತು. ಮೇ 19ರಂದು ದೇಶದ ನೈರುತ್ಯ ತುದಿಯಾದ ಲ್ಯಾಂಡ್ಸ್ ಎಂಡ್‌ನಿಂದ ಹೊರಟ ಪಂಜು 70 ದಿನ ಸುತ್ತಿತು. ಅದನ್ನು ಹಿಡಿದು ಓಡಿದವರು ಸುಮಾರು 8,000 ಜನ. ಪಂಜಿನ ಚಿನ್ನದ ಬಣ್ಣದ ಮೈಯಲ್ಲಿ, ಒಬ್ಬೊಬ್ಬರಿಗೆ ಒಂದರಂತೆ, 8,000 ತೂತುಗಳಿದ್ದವು. ಓಡಿದವರಲ್ಲಿ ಹೆಚ್ಚಿನವರು ತಾರೆಯರಲ್ಲ, ಅವರವರ ಊರಿನವರು ಹೆಸರಿಸಿ ಕಳಿಸಿದವರು. ಲಂಡನ್ನಿನ ಮೇಲೆ ಸದಾ ಮುನಿಸಿರುವ ಪಟ್ಟಣಗಳಿಗೂ ಒಲಿಂಪಿಕ್ಸ್ ನಮ್ಮ ಬೀದಿಯಲ್ಲೇ ಹಾದುಹೋಯಿತು ಎಂದು ಹೇಳಿಕೊಳ್ಳಲು ಇದರಿಂದ ಒಂದು ಕಾರಣ ಸಿಕ್ಕಿತು.

ಗೆಲುವಿನಿಂದ ಬಂದ ಹುರುಪಲ್ಲವೇ ಇದು ಎಂದು ಯಾರಾದರೂ ಕೇಳಬಹುದು. ಆಗಸ್ಟ್ 4ರ ಶನಿವಾರ ರಾತ್ರಿ ಒಂದು ಗಂಟೆಯೂ ತುಂಬದ ಅವಧಿಯಲ್ಲಿ ಬ್ರಿಟನ್ನಿನ ಅಥ್ಲೀಟುಗಳಾದ ಜೆಸಿಕಾ ಎನ್ನಿಸ್, ಗ್ರೆಗ್ ರದರ್‌ಫರ್ಡ್ ಮತ್ತು ಮೊ ಫರಾ ಒಬ್ಬರ ಹಿಂದೊಬ್ಬರು ಚಿನ್ನ ಗೆದ್ದಾಗ ಆ ಕ್ರೀಡಾಂಗಣದಲ್ಲೆದ್ದ ಸದ್ದು, ಸಾವಿರಾರು ಮೈಲಿ ದೂರದಲ್ಲಿ ಟಿವಿ ಮುಂದೆ ಕುಳಿತಿದ್ದ ನನ್ನನ್ನೂ ಕುರ್ಚಿಯಿಂದ ಎಬ್ಬಿಸಿತ್ತು. ಸೊಮಾಲಿಯಾದಲ್ಲಿ ಹುಟ್ಟಿ ಮಗುವಾಗಿದ್ದಾಗ ಬ್ರಿಟನ್ನಿಗೆ ಬಂದ ಫರಾ, ಕೊನೆಯ ಸುತ್ತಿನಲ್ಲಿ ಮುಂದೆ ನುಗ್ಗಿದಾಗ ಇಡೀ ಸಭೆ ಎದ್ದು ನಿಂತಿತ್ತು. ಅದನ್ನು ಕಡೆಗಣಿಸಲಾಗದು. ಆದರೆ ಗೆಲುವೇ ಕಾರಣವಾಗಿದ್ದರೆ 2006ರ ಜರ್ಮನಿಯನ್ನು ವಿವರಿಸುವುದು ಕಷ್ಟ. ಆ ವಿಶ್ವಕಪ್ ಫುಟ್‌ಬಾಲ್‌ನ ಸೆಮಿಫೈನಲ್‌ನಲ್ಲಿ ಆತಿಥೇಯರು ಇಟಲಿಗೆ 0–2ರಿಂದ ಸೋತರು, ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟರು. ಆದರೂ ತಂಡವನ್ನು ಅಭಿನಂದಿಸಲು ಬರ್ಲಿನ್ನಿನ ಬ್ರಾಂಡೆನ್‌ಬರ್ಗ್ ದ್ವಾರದ ಬಳಿ ಲಕ್ಷಗಟ್ಟಲೆ ಜನ ಸೇರಿದರು. ಇತಿಹಾಸದ ಭಾರದಿಂದ ಬಾವುಟ ಹಿಡಿಯಲು ದಶಕಗಳ ಕಾಲ ಅಳುಕಿದ ಆ ಜನ, ಇಂದಿಗೂ ಆ ತಿಂಗಳನ್ನು ಬೇಸಿಗೆಯ ಕಿನ್ನರಕಥೆ ಎಂದು ಕರೆಯುತ್ತಾರೆ. ಇದಕ್ಕೆ ತದ್ವಿರುದ್ಧವಾದದ್ದು ಟೋಕಿಯೊ. ಜಪಾನ್ ತನ್ನ ಚರಿತ್ರೆಯಲ್ಲೇ ಅತಿ ಹೆಚ್ಚು, ಅಂದರೆ 27 ಚಿನ್ನದ ಪದಕಗಳನ್ನು ಗೆದ್ದ 2021ರ ಆ ಕೂಟದಲ್ಲಿ ಕೋವಿಡ್‌ನಿಂದಾಗಿ ಬಹುತೇಕ ಎಲ್ಲ ಕ್ರೀಡಾಂಗಣಗಳೂ ಪ್ರೇಕ್ಷಕರಿಲ್ಲದೆ ಬಣಗುಟ್ಟಿದವು. ಪದಕಗಳಿದ್ದವು, ನೆಂಟರಿರಲಿಲ್ಲ.

ಯುರೋಪಿನ ದೇಶಗಳ ಸಮೀಕ್ಷೆಗಳನ್ನು ಪರಿಶೀಲಿಸಿ ಜಾರ್ಜಿಯೋಸ್ ಕಾವೆಟ್ಸೋಸ್ ಮತ್ತು ಸ್ಟೀಫನ್ ಸಿಮಾನ್ಸ್ಕಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ಫುಟ್‌ಬಾಲ್ ಕೂಟಗಳ ಆತಿಥ್ಯ ವಹಿಸಿದಾಗ ಜನರ ಸಂತೃಪ್ತಿ ಏರುತ್ತದೆ, ತಂಡ ನಿರೀಕ್ಷೆಗಿಂತ ಚೆನ್ನಾಗಿ ಆಡಿದ್ದರಿಂದ ಅಂಥ ಏರಿಕೆ ಅಷ್ಟಾಗಿ ಕಾಣುವುದಿಲ್ಲ.

ಇನ್ನು ಬಾಳಿಕೆ. ಈ ಸೇವೆಯ ದುರ್ಬಲ ಭಾಗ ಇದೇ. ಲಂಡನ್, ಪ್ಯಾರಿಸ್ ಮತ್ತು ಬರ್ಲಿನ್ ನಗರಗಳ ಒಟ್ಟು 26,000ಕ್ಕೂ ಹೆಚ್ಚು ನಿವಾಸಿಗಳನ್ನು 2011, 2012 ಮತ್ತು 2013ರ ಬೇಸಿಗೆಗಳಲ್ಲಿ ಮಾತನಾಡಿಸಿದ ಸಂಶೋಧಕರು, ಕೂಟದ ದಿನಗಳಲ್ಲಿ ಲಂಡನ್ನಿಗರ ಸಂತೋಷ ಉಳಿದೆರಡು ನಗರದವರಿಗಿಂತ ಹೆಚ್ಚಿದ್ದನ್ನು ಕಂಡರು. ಉದ್ಘಾಟನೆ ಮತ್ತು ಸಮಾರೋಪದ ಆಸುಪಾಸಿನಲ್ಲಿ ಅದು ಎದ್ದು ಕಾಣುವಂತಿತ್ತು. ಮರುವರ್ಷದ ಬೇಸಿಗೆಯಲ್ಲಿ ಆ ಏರಿಕೆಯ ಸುಳಿವೇ ಇರಲಿಲ್ಲ. (ನಾಲ್ಕು ಮತಗಳಿಂದ ಸೋತಿದ್ದ ಪ್ಯಾರಿಸ್ಸಿನವರೇ ಹೋಲಿಕೆಗೆ ಅಳತೆಗೋಲಾದದ್ದು ಪಾಪ, ಗಾಯದ ಮೇಲೆ ಬರೆ.) ಒಂದು ಪೀಳಿಗೆಗೇ ಸ್ಫೂರ್ತಿ ತುಂಬುತ್ತೇವೆ ಎಂಬುದು ಕೂಟದ ಘೋಷವಾಕ್ಯವಾಗಿತ್ತು. ಜನರು ಕುರ್ಚಿ ಬಿಟ್ಟೆದ್ದು ಕಾಯಂ ಆಟವಾಡಲು ಹೊರಡುತ್ತಾರೆಂಬ ನಿರೀಕ್ಷೆ ನೆರವೇರಲಿಲ್ಲ. ಉದ್ಘಾಟನೆಯ ರಾತ್ರಿ ತನ್ನ ಸಾರ್ವಜನಿಕ ಆರೋಗ್ಯ ಸೇವೆಗೆ ನಮನವಾಗಿ ದಾದಿಯರು ಆಸ್ಪತ್ರೆಯ ಮಂಚಗಳ ನಡುವೆ ಕುಣಿದದ್ದನ್ನು ಕಂಡು ಒಟ್ಟಿಗೆ ಕಣ್ಣೊರೆಸಿಕೊಂಡ ದೇಶ, ನಾಲ್ಕೇ ವರ್ಷಗಳಲ್ಲಿ ಯುರೋಪಿನ ಒಕ್ಕೂಟದಲ್ಲಿರಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಹೆಚ್ಚುಕಡಿಮೆ ಸರಿಅರ್ಧವಾಗಿ ಒಡೆಯಿತು. ಅದಕ್ಕೆ ಒಲಿಂಪಿಕ್ಸನ್ನು ದೂರುವುದು ಅನ್ಯಾಯ. ಅದರಿಂದ ಅಂಥ ಒಡಕು ಮುಚ್ಚೀತೆಂದು ಮಾರಾಟ ಮಾಡುವುದು ಇನ್ನೂ ಹೆಚ್ಚಿನ ಅನ್ಯಾಯ.

ಬಾಳಿಕೆಯ ವಿಷಯದಲ್ಲಿ ಘೋಷವಾಕ್ಯ ಬರೆದವರಿಗಿಂತ ಜ್ಯೋತಿಕುಂಡ ರೂಪಿಸಿದ ಥಾಮಸ್ ಹೆದರ್‌ವಿಕ್ ಹೆಚ್ಚು ಪ್ರಾಮಾಣಿಕರಾಗಿದ್ದರು ಎಂದು ನನಗನಿಸುತ್ತದೆ. ಪಥಸಂಚಲನದಲ್ಲಿ ಪ್ರತಿ ತಂಡದ ಜೊತೆ ಒಂದೊಂದು ತಾಮ್ರದ ಎಸಳು ಬಂತು. ಉದ್ದನೆಯ ದಂಟುಗಳ ತುದಿಗೆ ಸಿಕ್ಕಿಸಿದ ಆ 204 ಎಸಳುಗಳಿಗೆ ಏಳು ಮಂದಿ ಎಳೆಯ ಕ್ರೀಡಾಪಟುಗಳು ಬೆಂಕಿ ಮುಟ್ಟಿಸಿದರು. ದಂಟುಗಳು ನಿಧಾನವಾಗಿ ಮೇಲೆದ್ದು ಒಂದೇ ಜ್ವಾಲೆಯಾದವು. ಕೂಟ ಮುಗಿದ ಮೇಲೆ ಅದನ್ನು ಸ್ಮಾರಕವಾಗಿ ನಿಲ್ಲಿಸಲಿಲ್ಲ. ಹೊಗೆ ಹಿಡಿದು ಬಣ್ಣಗೆಟ್ಟ ಎಸಳುಗಳನ್ನು ಒಂದೊಂದಾಗಿ ಬಿಚ್ಚಿ, ಬಂದ ದೇಶಗಳಿಗೇ ಹಿಂದಕ್ಕೆ ಕೊಟ್ಟು ಕಳಿಸಿದರು.